ನಾನು ಹೇಳದ ಸಾಕ್ಷಿ

ಟೀವಿಯ ಪೊಲೀಸ್ ಧಾರಾವಾಹಿಯೊಂದರ ಒಂದೇ ಒಂದು ಕಂತಿನಲ್ಲಿ ನಾನು ಪಾರ್ಟು ಮಾಡಿದ್ದೇನೆ. ಈಗಲೂ ಬಸ್ಸಿನಲ್ಲಿ ಯಾರಾದರೂ ಗುರುತು ಹಿಡಿದು, "ಟೀಚರ್, ಆ ಸುಳ್ಳು ಹೇಳುವ ಹೆಂಗಸು ನೀವೇ ಅಲ್ವಾ?" ಎಂದು ಕೇಳುವುದುಂಟು. ಹೌದೆಂದು ನಗುತ್ತೇನೆ. ನಕ್ಕ ಮೇಲೆ ಇಳಿಯಬೇಕಾದ ಸ್ಟಾಪು ಬರುವವರೆಗೂ ಕಿಟಕಿಯ ಹೊರಗೇ ನೋಡುತ್ತಿರುತ್ತೇನೆ.

ನಾನು ಶಾಲೆಯಲ್ಲಿ ಕನ್ನಡ ಕಲಿಸುವವಳು. ಮನೆ ಕರಾವಳಿಯ ಶಿರಿಯ ಊರಿನಲ್ಲಿ, ಹೊಳೆಗೆ ಇಳಿಯುವ ದಾರಿಯ ಬದಿಯಲ್ಲಿ. ಶಾಲೆಯ ವಾರ್ಷಿಕೋತ್ಸವಕ್ಕೆ ಮಕ್ಕಳಿಗೆ ನಾಟಕ ಕಲಿಸುವುದು, ಅಧ್ಯಾಪಕರದ್ದೇ ನಾಟಕವಿದ್ದರೆ ಅದರಲ್ಲಿ ಅಮ್ಮನೋ ಅತ್ತೆಯೋ ಆಗಿ ನಿಲ್ಲುವುದು, ಇಷ್ಟೇ ನನ್ನ ರಂಗಾನುಭವ. ಕಳೆದ ಬೇಸಗೆ ರಜೆಯಲ್ಲಿ ಒಂದು ಬೆಳಗ್ಗೆ ಹಪ್ಪಳ ಒಣಗಿಸುತ್ತಿದ್ದಾಗ ಅಂಗಳದ ಮುಂದೆ ಒಂದು ಜೀಪು ನಿಂತಿತು. ಇಳಿದವನು ಧಾರಾವಾಹಿ ಕಂಪೆನಿಯ ಮ್ಯಾನೇಜರ್.

"ಇಲ್ಲಿ ನಾಟಕ ಮಾಡುವ ಟೀಚರ್ ಯಾರು ಅಂತ ಕೇಳಿದೆವು ಮೇಡಂ. ಎಲ್ಲರೂ ನಿಮ್ಮ ಮನೆಯನ್ನೇ ತೋರಿಸಿದರು. ನಮಗೆ ಈ ಕಡೆಯ ಕನ್ನಡ ಆಡುವವರೇ ಬೇಕು," ಎಂದ.

ಆ ಧಾರಾವಾಹಿ ನಮಗೆ ಗೊತ್ತಿದ್ದದ್ದೇ. ಪ್ರತಿ ಕಂತಿಗೂ ಒಂದು ಹೊಸ ಕೇಸು. ಇನ್‌ಸ್ಪೆಕ್ಟರ್ ಮತ್ತು ಇಬ್ಬರು ಕಾನ್‌ಸ್ಟೇಬಲ್‌ಗಳು ಖಾಯಂ. ಸತ್ತವರು, ಕೊಂದವರು, ಸಾಕ್ಷಿ ಹೇಳುವವರು ಮಾತ್ರ ಪ್ರತಿ ಸಲ ಬೇರೆ, ಅವರ ಹೆಸರು ಕೊನೆಯಲ್ಲಿ 'ಅತಿಥಿ ಕಲಾವಿದರು' ಎಂದು ಬರುತ್ತದೆ. ನನ್ನವರು ಒಂದು ಕಂತನ್ನೂ ಬಿಡುತ್ತಿರಲಿಲ್ಲ. ನಾನು ಹ್ಞೂಂ ಎನ್ನುವ ಮೊದಲೇ ಅವರು ಒಳಗಿನಿಂದ, "ಬರ್ತಾಳೆ, ಬರ್ತಾಳೆ!" ಎಂದು ಕೂಗಿದರು.

ಹೊಳೆಯ ಬದಿಯಲ್ಲಿ ಮೀನಿಗೆ ಐಸು ತುಂಬಿಸುತ್ತಿದ್ದ ಹಳೆಯ ಗೋದಾಮಿಗೆ ಬಣ್ಣ ಬಳಿದು, ಬೋರ್ಡು ತಗುಲಿಸಿ ಪೊಲೀಸ್ ಸ್ಟೇಷನ್ ಮಾಡಿದ್ದರು. ಒಳಗೆ ಹೊಕ್ಕರೆ ಇನ್ನೂ ಬಂಗುಡೆಯ ವಾಸನೆ. ಟೀವಿಯಲ್ಲಿ ಎಲ್ಲರನ್ನೂ ಗದರಿಸುವ ಇನ್‌ಸ್ಪೆಕ್ಟರ್ ಮೂಗಿಗೆ ಕರ್ಚೀಫು ಹಿಡಿದು ಮೂಲೆಯಲ್ಲಿ ಕುಳಿತಿದ್ದರು. ನನ್ನನ್ನು ಕಂಡದ್ದೇ ಎದ್ದು ಕೈಮುಗಿದು, "ನಮ್ಮಮ್ಮನೂ ಟೀಚರ್," ಎಂದರು.

ನಿರ್ದೇಶಕರು ಬೆಂಗಳೂರಿನ ಕಡೆಯವರು, ತಾಳ್ಮೆಯ ಮನುಷ್ಯ. ನನ್ನ ಕೈಗೆ ಎರಡು ಹಾಳೆ ಮಾತ್ರ ಕೊಟ್ಟರು.

"ಪೂರ್ತಿ ಕಥೆ ಎಂತದು ಸಾರ್?" ಎಂದು ಕೇಳಿದೆ.

"ಪೂರ್ತಿ ಗೊತ್ತಾದರೆ ಅದು ಮುಖದಲ್ಲಿ ಕಂಡುಬಿಡುತ್ತೆ ಮೇಡಂ. ಅತಿಥಿ ಕಲಾವಿದರಿಗೆ ಅವರವರ ಸೀನು ಮಾತ್ರ. ಇಷ್ಟು ತಿಳ್ಕೊಳಿ: ಪಕ್ಕದ ಮನೆಯ ಗಂಡಸು ಬಾವಿಯಲ್ಲಿ ಸತ್ತಿದ್ದಾನೆ. ಹೆಂಡತಿಯ ಮೇಲೆ ಅನುಮಾನ. ನೀವು ನೆರೆಮನೆಯ ಟೀಚರ್."

ಮೊದಲ ದಿನ ಎರಡು ದೃಶ್ಯ. ಒಂದರಲ್ಲಿ ಗಂಡನನ್ನು ಕಳೆದುಕೊಂಡವಳಿಗೆ ನಾನು ಗಂಜಿ ಕೊಂಡುಹೋಗಬೇಕು. ಸಾಮಾನು ನೋಡಿಕೊಳ್ಳುವ ಹೆಂಗಸು ನನ್ನ ಕೈಗೆ ಒಂದು ಸ್ಟೀಲ್ ಡಬ್ಬಿ ಕೊಟ್ಟಳು. ಅದಕ್ಕೆ ಕೆಂಪು ಚೌಕುಳಿಯ ಬೈರಾಸು ಸುತ್ತಿ ಮೇಲೆ ಗಂಟು ಹಾಕಿತ್ತು. ನಮ್ಮ ಕಡೆ ಮೈ ಒರಸುವ ಬೈರಾಸಿನಲ್ಲಿ ಹೀಗೆ ಬಿಸಿ ಪಾತ್ರೆ ಕಟ್ಟಿಕೊಂಡು ಹೋಗುವುದು ಇವರಿಗೆ ಹೇಗೆ ಗೊತ್ತಾಯಿತಪ್ಪಾ ಎಂದು ಮೆಚ್ಚಿಕೊಂಡೆ. ಮಾತಿಲ್ಲದ ದೃಶ್ಯ. ಡಬ್ಬಿ ಇಟ್ಟು, ಆಕೆಯ ತಲೆ ಸವರಿ ಬಂದೆ. ಇನ್ನೊಂದು ಸ್ಟೇಷನ್ನಿನದ್ದು. "ಹೌದು ಸಾರ್, ಕಂಡಿದ್ದೇನೆ. ಗಂಡ ಇಲ್ಲದಾಗ ಒಬ್ಬ ಗಂಡಸು ಬರ್ತಿದ್ದ," ಎಂದು ಹೇಳಬೇಕು. ಎರಡನೆಯ ಸಲಕ್ಕೇ ಓಕೆ ಆಯಿತು. ಮನೆಗೆ ಬಂದು ನನ್ನವರೆದುರು ಅದನ್ನೇ ಮತ್ತೊಮ್ಮೆ ಮಾಡಿ ತೋರಿಸಿದೆ. ಅಷ್ಟು ಖುಷಿಯಾಗಿತ್ತು.

ಮರುದಿನ ಒಂದೇ ದೃಶ್ಯ. ಇನ್‌ಸ್ಪೆಕ್ಟರ್ ನನ್ನನ್ನು ಮತ್ತೆ ಕರೆಸಿದ್ದಾರೆ. ಹಾಳೆಯಲ್ಲಿ ನನ್ನ ಮಾತು ಮಾತ್ರ ಇತ್ತು: "ಇಲ್ಲ ಸಾರ್", ಆಮೇಲೆ "ನನಗೆ ಗೊತ್ತಿಲ್ಲ ಸಾರ್", ಕೊನೆಗೆ ಮುಖ ಮುಚ್ಚಿ ಅಳುತ್ತಾ "ಹೌದು, ನಾನು ಸುಳ್ಳು ಹೇಳಿದೆ". ಇನ್‌ಸ್ಪೆಕ್ಟರ್ ಏನು ಕೇಳುತ್ತಾರೆಂದು ಬರೆದಿರಲಿಲ್ಲ. "ಕೇಳಿಸಿಕೊಳ್ಳಿ, ಸಾಕು," ಎಂದಿದ್ದರು ನಿರ್ದೇಶಕರು.

ಲೈಟು ಹತ್ತಿತು. ಇನ್‌ಸ್ಪೆಕ್ಟರ್ ಕರ್ಚೀಫು ಜೇಬಿಗೆ ಹಾಕಿ, ನನ್ನೆದುರು ಕುರ್ಚಿ ಎಳೆದು ಕುಳಿತರು. ಸ್ವರ ತೀರಾ ಮೆತ್ತಗಿತ್ತು.

"ಆ ಹೆಣ್ಣುಮಗಳಿಗೆ ಗಂಜಿ ಕೊಂಡುಹೋಗಿದ್ದಿರಿ, ಅಲ್ವಾ ಟೀಚರ್? ಡಬ್ಬಿಯ ಮುಚ್ಚಳ ಸಡಿಲ, ಅದಕ್ಕೆ ಬೈರಾಸಿನಲ್ಲಿ ಕಟ್ಟಿದ್ದಿರಿ. ಅವಳು ಬೇಡ ಎಂದಳು. ನೀವು ಕಿವಿಯಲ್ಲಿ ಹೇಳಿದಿರಿ, 'ನಿಮಗೆ ಬೇಡದಿದ್ದರೆ ಬೇಡ, ಒಳಗೆ ಇರುವುದಕ್ಕಾದರೂ ಎರಡು ಚಮಚ ಕುಡೀರಿ.' ಅವಳು ಬಸುರಿ ಅನ್ನುವುದು ನಿಮಗೊಬ್ಬರಿಗೇ ಗೊತ್ತಿತ್ತು. ಅದೇ ಸಂಜೆ ಇಲ್ಲಿಗೆ ಬಂದು ಅವಳ ಮನೆಗೆ ಗಂಡಸು ಬರ್ತಿದ್ದ ಅಂದಿರಿ. ಯಾಕೆ ಟೀಚರ್?"

ಆ ಮಾತು ನನ್ನದು. ಯಾವ ಲೇಖಕರೂ ಬರೆದದ್ದಲ್ಲ. ನನ್ನ ಮಗಳು ಒಂದನೆಯ ತರಗತಿಯಲ್ಲಿದ್ದಾಗ, ನಮ್ಮ ಪಕ್ಕದ ಮನೆಯ ಅಡುಗೆಕೋಣೆಯಲ್ಲಿ, ಒಬ್ಬಳೇ ಒಬ್ಬಳ ಕಿವಿಯಲ್ಲಿ ನಾನು ಆಡಿದ ಮಾತು. ಆ ಮಗಳು ಈಗ ಡಿಗ್ರಿ ಮುಗಿಸಿ ಕೆಲಸದಲ್ಲಿದ್ದಾಳೆ.

ಇನ್‌ಸ್ಪೆಕ್ಟರ್ ಕಾಯುತ್ತಿದ್ದರು. ಹೇಳಬೇಕಾಗಿದ್ದ ಮಾತು ನನಗೆ ನೆನಪಿತ್ತು, ಆದರೆ ಬಾಯಿಗೆ ಬರಲಿಲ್ಲ. ಬಂದದ್ದು ಬೇರೆ.

"ನಾನು ಹಾಗೆ ಹೇಳಿಲ್ಲ," ಎಂದೆ. "ದೇವರಾಣೆ ಹೇಳಿಲ್ಲ ಸಾರ್. ನನ್ನ ಮಗಳ ಆಣೆ."

"ಕಟ್!" ಎಂದು ಕೂಗಿ ನಿರ್ದೇಶಕರು ಚಪ್ಪಾಳೆ ಹೊಡೆದರು. "ಅದ್ಭುತ ಮೇಡಂ! ಅಳೋದಕ್ಕಿಂತ ಇದೇ ಚೆನ್ನಾಗಿದೆ. ಸಿಕ್ಕಿಬಿದ್ದ ಮೇಲೂ ಸುಳ್ಳಾಣೆ! ಇದನ್ನೇ ಇಟ್ಕೊಳ್ತೀನಿ."

ಎಲ್ಲರೂ ಚಪ್ಪಾಳೆ ತಟ್ಟಿದರು. ಇನ್‌ಸ್ಪೆಕ್ಟರ್ ಮಾತ್ರ ನನ್ನ ಮುಖ ನೋಡಿ, ಬಗ್ಗಿ, "ಏನಾಯ್ತಮ್ಮ? ನೀರು ಬೇಕಾ?" ಎಂದು ಕೇಳಿದರು.

ಈ ಕಥೆ ಬರೆದವರು ಯಾರು ಎಂದು ಕೇಳಿದೆ. ಅವರ ತಂಡದಲ್ಲಿ ಕಥೆ ಹುಡುಕಿ ಬರೆಯುವ ಒಬ್ಬ ಹುಡುಗಿ ಇದ್ದಾಳೆ, ಈಗ ಬೆಂಗಳೂರಿನಲ್ಲಿದ್ದಾಳೆ, ಈ ಕಡೆ ತಿರುಗಾಡಿ ಯಾರನ್ನೋ ಮಾತಾಡಿಸಿ ಬರೆದದ್ದು ಎಂದರು. "ಹೆಸರು, ಜಾಗ ಎಲ್ಲ ಬದಲಾಯಿಸಿದ್ದೇವೆ ಮೇಡಂ, ಎಲ್ಲ ಕಾಲ್ಪನಿಕ ಅಂತ ಮೊದಲೇ ಹಾಕ್ತೀವಿ," ಎಂದು ಸಮಾಧಾನವನ್ನೂ ಮಾಡಿದರು. ನನಗೆ ಬೇಕಾದ ಉತ್ತರ ಅವರಲ್ಲಿರಲಿಲ್ಲ. ಆ ಅಡುಗೆಕೋಣೆಯಲ್ಲಿದ್ದದ್ದು ನಾವಿಬ್ಬರೇ. ನಾನು ಯಾರಿಗೂ ಹೇಳಿರಲಿಲ್ಲ.

ನಡೆದದ್ದು ಹೀಗೆ. ಆಗ ನಮ್ಮ ಪಕ್ಕದ ಮನೆಯಲ್ಲಿ ಕೊಂಕಣಿ ಮಾತಾಡುವ ಒಂದು ಕ್ರಿಶ್ಚಿಯನ್ ಕುಟುಂಬವಿತ್ತು. ಗಂಡ, ಹೆಂಡತಿ, ಗಂಡನ ತಾಯಿ, ಮದುವೆಯ ವಯಸ್ಸಿಗೆ ಬಂದ ನಾದಿನಿ. ಹೆಂಡತಿಯನ್ನು ನಾನು ಬಾಯಮ್ಮ ಎಂದೇ ಕರೆಯುತ್ತಿದ್ದೆ, ಆಕೆಗೆ ನಾನು ಟೀಚರ್. ಬೇಲಿಯ ಮೇಲಿಂದ ತೆಂಗಿನಕಾಯಿ, ಬಸಳೆ, ಮಕ್ಕಳ ಔಷಧಿ, ಎಲ್ಲ ಆಚೀಚೆ ಹೋಗುತ್ತಿದ್ದ ಕಾಲ. ಗಂಡನಿಗೆ ಬೆಳಗಾಗುವ ಮೊದಲೇ ಬೀಸುಬಲೆ ಹಿಡಿದು ಹೊಳೆಗಿಳಿಯುವ ಹುಚ್ಚು. ಒಂದು ದಿನ ಆತ ಮೊಣಕಾಲು ಮಟ್ಟದ ನೀರಿನಲ್ಲಿ ಕವುಚಿ ಬಿದ್ದಿದ್ದ. ಜೀವ ಇರಲಿಲ್ಲ.

ಈಜು ಬಲ್ಲ ಗಂಡಸು ಮೊಣಕಾಲು ನೀರಿನಲ್ಲಿ ಸಾಯುವುದು ಹೇಗೆ? ಊರಿಗೆ ಊರೇ ಅದನ್ನು ಕೇಳಿತು. ಪೊಲೀಸರೂ ಕೇಳಿದರು. ಬಾಯಮ್ಮನನ್ನು ಸ್ಟೇಷನ್ನಿಗೆ ಕರೆದುಕೊಂಡು ಹೋದರು, ಕಳಿಸಿದರು, ಮರುದಿನ ನಾನು ಗಂಜಿ ಕುಡಿಸಿ ಬಂದ ಮೇಲೆ ಮತ್ತೆ ಕರೆದರು. ಒಬ್ಬ ಪೊಲೀಸು ನಮ್ಮ ಜಗಲಿಗೂ ಬಂದ. "ಆ ಮನೆಗೆ ಬೇರೆ ಗಂಡಸರು ಬಂದು ಹೋಗುವುದುಂಟಾ?" ಎಂದು ಕೇಳಿದ. ನಾನು ಕಂಡಿಲ್ಲ ಎಂದೆ. ಇಷ್ಟನ್ನೇ ಹೇಳಿದರೆ ಸಾಲದು ಅನ್ನಿಸಿ, ಆತನಿಗೆ ಫಿಟ್ಸ್ ಬರುತ್ತದೆಂದೂ, ಒಮ್ಮೆ ನಮ್ಮ ಬೇಲಿಯ ಹತ್ತಿರ ಬಿದ್ದು ಒದ್ದಾಡಿದ್ದನ್ನು ನಾನು ಕಣ್ಣಾರೆ ಕಂಡದ್ದೆಂದೂ ಹೇಳಿದೆ. ಆಮೇಲೆ ಬಾಯಮ್ಮನನ್ನು ಕರೆಯುವುದು ನಿಂತಿತು. ಆದರೆ ಅಷ್ಟರಲ್ಲಿ ಆಕೆಯ ಹೆಸರು ಕೆಟ್ಟಾಗಿತ್ತು. ನೆರೆಯವರೇ ಯಾರೋ ಸಾಕ್ಷಿ ಹೇಳಿದ್ದಾರಂತೆ ಎಂಬ ಗುಸುಗುಸು ನನ್ನ ಕಿವಿಗೂ ಬಿದ್ದಿತ್ತು. ಸುತ್ತ ನಾಲ್ಕಾರು ಮನೆಗಳಿದ್ದವು. ಅದು ನನ್ನ ಕುರಿತಾದ ಮಾತೆಂದು ನನಗೆ ಹೊಳೆಯುವ ಹಾಗೇ ಇರಲಿಲ್ಲ. ಅತ್ತೆ ಆಕೆಯನ್ನು ತವರಿಗೆ ಕಳಿಸಿದಳು. ಹೆಣ್ಣು ಮಗು ಹುಟ್ಟಿತೆಂದು ಕೇಳಿದೆ. ಕೆಲವು ವರ್ಷಗಳ ಮೇಲೆ ಆಕೆ ಹತ್ತಿರದ ಬಂದ್ಯೋಡು ಪೇಟೆಯಲ್ಲಿ ಹೊಲಿಗೆ ಅಂಗಡಿ ಇಟ್ಟಳು. ಪೇಟೆಯಲ್ಲಿ ಎದುರಾದರೆ ತುಟಿಯಲ್ಲಷ್ಟೇ ನಕ್ಕು ಆಚೆ ತಿರುಗುತ್ತಿದ್ದಳು. ಹಳೆಯದೆಲ್ಲ ನೆನಪಾಗುತ್ತದೇನೋ, ಪಾಪ, ಎಂದುಕೊಂಡು ನಾನೂ ಮಾತಿಗೆ ಹೋಗುತ್ತಿರಲಿಲ್ಲ.

ಶೂಟಿಂಗಿನ ಮರುದಿನ ಬಂದ್ಯೋಡಿಗೆ ಹೋದೆ. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಕುತ್ತಿಗೆಗೆ ಟೇಪು ಹಾಕಿಕೊಂಡು ಆಕೆ ಮೆಶಿನ್ ತುಳಿಯುತ್ತಿದ್ದಳು. ನನ್ನನ್ನು ಕಂಡು ಎದ್ದಳು, ಆದರೆ ಕೂತುಕೊಳ್ಳಿ ಎನ್ನಲಿಲ್ಲ.

"ಬ್ಲೌಸಾ ಟೀಚರ್?"

"ಅಲ್ಲ ಬಾಯಮ್ಮ. ನಾನೊಂದು ಸೀರಿಯಲ್‌ನಲ್ಲಿ ಪಾರ್ಟು ಮಾಡಿದೆ. ಪೊಲೀಸ್ ಸೀರಿಯಲ್. ಅದರಲ್ಲಿ ಒಬ್ಬಳು ಟೀಚರ್ ಬೈರಾಸಿನಲ್ಲಿ ಗಂಜಿ ಕಟ್ಟಿ ತರ್ತಾಳೆ."

ಆಕೆ ನನ್ನನ್ನೇ ನೋಡಿದಳು. ಆಮೇಲೆ ನಗಲು ಶುರು ಮಾಡಿದಳು. ನಗು ಒಳ್ಳೆಯ ನಗುವಾಗಿರಲಿಲ್ಲ.

"ಆ ಪಾರ್ಟು ನಿಮಗೇ ಸಿಕ್ಕಿತಾ? ಆ ಸೀರಿಯಲಿನ ಹುಡುಗಿ ನನ್ನಲ್ಲಿ ಬ್ಲೌಸ್ ಹೊಲಿಸ್ಲಿಕ್ಕೆ ಬಂದದ್ದು. ಈ ಊರಿನ ಕಥೆ ಎಂತಾದ್ರೂ ಉಂಟಾ ಅಂತ ಕೇಳಿದ್ಳು. ಇಷ್ಟು ವರ್ಷ ಯಾರೂ ನನ್ನತ್ರ ಕೇಳಿರ್ಲಿಲ್ಲ, ನಾನು ಎಲ್ಲ ಹೇಳಿದೆ. ಆ ನೆರೆಮನೆಯವಳು ಹೇಗಿದ್ದಳು ಅಂತ ಕೇಳಿದಳು. ಟೀಚರ್, ನಾಟಕ ಎಲ್ಲ ಮಾಡ್ತಿದ್ದರು ಅಂದೆ."

ಜೀಪು ನಮ್ಮ ಅಂಗಳಕ್ಕೆ ಬಂದದ್ದು ಹಾಗೆ.

"ನಾನು ಎಂತ ಹೇಳಿದ್ದು ಅಂತ ನಿಮಗೆ ಯಾರು ಹೇಳಿದ್ದು?"

"ಸ್ಟೇಷನ್‌ನಲ್ಲೇ ಹೇಳಿದ್ರಲ್ಲ! 'ನಿನ್ನ ಪಕ್ಕದ ಮನೆ ಟೀಚರೇ ಹೇಳಿದ್ದಾರೆ, ಗಂಡಸು ಬರ್ತಿದ್ದ ಅಂತ. ಇನ್ನು ನೀನು ಒಪ್ಪಿಕೋ' ಅಂತ. ಮುಖಕ್ಕೆ ಹೇಳಿದ್ರು. ಹೊಟ್ಟೆಯಲ್ಲಿ ಮಗು ಇಟ್ಟುಕೊಂಡು ಆ ಬೆಂಚಿನಲ್ಲಿ ಕೂತು ನಾನು ಅದನ್ನು ಕೇಳಿದ್ದೇನೆ ಟೀಚರ್. ನಿಮ್ಮ ಗಂಜಿ ಇನ್ನೂ ಹೊಟ್ಟೆಯಲ್ಲಿತ್ತು."

ನನ್ನ ಮಗಳು ಬೆಳೆದು ದೊಡ್ಡವಳಾದ ಅಷ್ಟೂ ವರ್ಷ, ನಾನು ಶಾಲೆಗೆ ಹೋಗಿ ಬಂದು, ಹಬ್ಬ ಮಾಡಿ, ನಾಟಕ ಕಲಿಸಿ ನೆಮ್ಮದಿಯಿಂದ ಇದ್ದ ಅಷ್ಟೂ ವರ್ಷ, ಕೂಗಳತೆಯ ಪೇಟೆಯಲ್ಲಿ ಒಬ್ಬಳು ನನ್ನನ್ನು ಹೀಗೆ ತಿಳಿದುಕೊಂಡಿದ್ದಳು. ಅವಳ ಆ ತುಟಿಯ ನಗುವಿನ ಅರ್ಥ ಆಗಷ್ಟೇ ನನಗಾಯಿತು.

"ಬಾಯಮ್ಮ, ನಾನು ಹಾಗೆ ಹೇಳಿಲ್ಲ. ಯಾರೂ ಬರುವುದನ್ನು ಕಂಡಿಲ್ಲ ಅಂತ ಹೇಳಿದ್ದು. ನಿಮ್ಮ ಬಾಯಿ ಬಿಡಿಸ್ಲಿಕ್ಕೆ ಅವರು ನನ್ನ ಹೆಸರು ಹೇಳಿರ್ಬೇಕು."

"ಈಗ ಹಾಗೆ ಹೇಳ್ಬಹುದು," ಎಂದು ಆಕೆ ಬಟ್ಟೆ ಎತ್ತಿಕೊಂಡಳು.

"ನಾನು ಇನ್ನೊಂದು ಹೇಳಿದ್ದೆ. ನಿಮ್ಮವರಿಗೆ ಫಿಟ್ಸ್ ಉಂಟು ಅಂತ. ನಮ್ಮ ಬೇಲಿಯ ಹತ್ತಿರ ಬಿದ್ದದ್ದನ್ನು ಕಂಡಿದ್ದೆ ಅಂತ."

ಆಕೆಯ ಕೈ ನಿಂತಿತು.

"ಎಂತ ಹೇಳಿದ್ರಿ?"

"ಫಿಟ್ಸ್ ವಿಷಯ. ನೀವು ಮನೆಯ ಒಳಗಿದ್ರಿ. ನಾನು ಓಡಿಹೋಗಿ ಅವರನ್ನು ಮಗ್ಗುಲಿಗೆ ತಿರುಗಿಸಿದ್ದು. ಎದ್ದ ಮೇಲೆ, 'ಟೀಚರ್, ಪುನಃ ಬಿದ್ದದ್ದನ್ನು ಮನೆಯಲ್ಲಿ ಹೇಳ್ಬೇಡಿ' ಅಂದಿದ್ರು. ನಿಮಗೆ ಹೇಳಿರ್ಲಿಲ್ಲ. ಪೊಲೀಸಿಗೆ ಹೇಳಿದೆ."

ಬಾಯಮ್ಮ ಮೆಲ್ಲಗೆ ಸ್ಟೂಲಿನ ಮೇಲೆ ಕುಳಿತಳು. ನಾದಿನಿಗೆ ಆಗ ಸಂಬಂಧ ನೋಡುತ್ತಿದ್ದರಂತೆ. ಮನೆಯಲ್ಲಿ ಫಿಟ್ಸ್ ಇದೆ ಎಂದು ಗೊತ್ತಾದರೆ ಮದುವೆ ಮುರಿಯುತ್ತದೆ ಎಂದು ಅತ್ತೆ ಶಿಲುಬೆ ಮುಟ್ಟಿಸಿ ಆಣೆ ಹಾಕಿಸಿಕೊಂಡಿದ್ದಳಂತೆ. ಹಾಗಾಗಿ ಸ್ಟೇಷನ್ನಿನಲ್ಲಿ ಎಷ್ಟು ಗದರಿಸಿದರೂ ಆಕೆ ಅದೊಂದನ್ನು ಹೇಳಿರಲಿಲ್ಲ. ಸುಮ್ಮನಿದ್ದಷ್ಟೂ ಅನುಮಾನ ಬೆಳೆಯಿತು. ಆಮೇಲೆ ಒಂದು ದಿನ ಪೊಲೀಸರು ಇದ್ದಕ್ಕಿದ್ದಂತೆ, 'ಗಂಡನಿಗೆ ಫಿಟ್ಸ್ ಇತ್ತಾ? ಮಾತ್ರೆ ಚೀಟಿ ತಾ' ಎಂದರಂತೆ. ಆ ಚೀಟಿ ನೋಡಿ ಆಕೆಯನ್ನು ಬಿಟ್ಟರಂತೆ.

"ಅದನ್ನು ಯಾರು ಹೇಳಿದ್ದು ಅಂತ ನನಗೆ ಇವತ್ತಿನವರೆಗೂ ಗೊತ್ತಿರ್ಲಿಲ್ಲ. ನಮ್ಮ ಮನೆಯವರು ಬಿಟ್ರೆ ಯಾರಿಗೂ ಗೊತ್ತಿಲ್ಲ ಅಂತ ಇದ್ದದ್ದು. ಡಾಕ್ಟ್ರು ಹೇಳಿರ್ಬೇಕು ಅಂದುಕೊಂಡೆ," ಎಂದಳು. ಆಮೇಲೆ, "ನೀವಾ?" ಎಂದಳು. ಆ ಒಂದು ಶಬ್ದವನ್ನು ಮೂರು ನಾಲ್ಕು ಸಲ ಹೇಳಿದಳು.

ಆಕೆ ಅತ್ತು ನನ್ನನ್ನು ತಬ್ಬಿಕೊಳ್ಳಬಹುದೆಂದು ನಾನು ಕಾದೆನೇನೋ. ಹಾಗಾಗಲಿಲ್ಲ. ಆಕೆಗೆ ಸಿಟ್ಟೇ ಬಂತು. ಮುಖ ಕೆಂಪಾಯಿತು.

"ಇಷ್ಟು ವರ್ಷ ನಿಮ್ಮ ಮೇಲೆ ಸಿಟ್ಟು ಮಾಡಿಯೇ ನಾನು ಬದುಕಿದ್ದು. ಅಳು ಬಂದಾಗೆಲ್ಲ ನಿಮ್ಮನ್ನು ನೆನಪು ಮಾಡ್ತಿದ್ದೆ, ಅಳು ನಿಲ್ತಿತ್ತು. ಈಗ ನಾನು ಯಾರ ಮೇಲೆ ಸಿಟ್ಟು ಮಾಡ್ಲಿ ಟೀಚರ್? ಹೇಳಿ!"

ಸ್ಟೇಷನ್ನಿನಲ್ಲಿ ಆ ಮಾತಾಡಿದ ಪೊಲೀಸು ಈಗ ಎಲ್ಲಿದ್ದಾನೋ, ಇದ್ದಾನೋ ಇಲ್ಲವೋ. ಅವನಿಗೆ ಅದು ಆ ದಿನದ ಒಂದು ಉಪಾಯ, ಅಷ್ಟೆ. ಮರುದಿನಕ್ಕೆ ಮರೆತಿರಬಹುದು.

ಆಮೇಲೆ ಆಕೆಯೇ ಎದ್ದು, ಸ್ಟೂಲನ್ನು ನನ್ನ ಕಡೆ ತಳ್ಳಿ, "ಕೂತುಕೊಳ್ಳಿ," ಎಂದಳು. ಅಲ್ಲಿಂದಲೇ ನಿರ್ದೇಶಕರಿಗೆ ಫೋನ್ ಮಾಡಿದೆವು. ಆಕೆಯೇ ಮಾತಾಡಿದಳು. ತಾನೇ ಆ ಕಥೆ ಹೇಳಿದವಳು, ತನಗೆ ತಪ್ಪು ತಿಳಿದಿತ್ತು, ಆ ಟೀಚರ್ ಸುಳ್ಳು ಹೇಳಿರಲಿಲ್ಲ, ಬದಲಾಯಿಸಿ ಎಂದಳು. ಅವರು ಪಾಪ, ಸಮಾಧಾನದಿಂದಲೇ ಕೇಳಿಸಿಕೊಂಡರು. ಶೂಟಿಂಗ್ ಮುಗಿದಿದೆ, ತಂಡ ಹೊರಟಾಗಿದೆ, ಚಾನೆಲ್ಲಿನವರು ಕಾಯುತ್ತಿದ್ದಾರೆ, ಇನ್ನೇನೂ ಮಾಡುವ ಹಾಗಿಲ್ಲ ಎಂದರು. "ಆದರೆ ಕೊನೆಗೆ ಹೆಂಡತಿ ನಿರಪರಾಧಿ ಅಂತಲೇ ತೋರಿಸಿದ್ದೀವಮ್ಮ," ಎಂದೂ ಸೇರಿಸಿದರು.

ಪ್ರಸಾರದ ದಿನ ಹತ್ತಿರ ಬಂದ ಹಾಗೆ ನನಗೆ ಜ್ವರ ಬಂದಂತಾಗುತ್ತಿತ್ತು. ಹಳೆಯ ಸಂಗತಿ ಬಲ್ಲವರು ನಮ್ಮ ದಾರಿಯಲ್ಲಿ ಇನ್ನೂ ಇದ್ದರು. ನನ್ನವರು ಏನೂ ಅರಿಯದೆ ಮೊದಲೇ ನೆರೆಕರೆಯವರನ್ನೆಲ್ಲ ಟೀವಿ ನೋಡಲು ಕರೆದಾಗಿತ್ತು. ಆ ಸಂಜೆ ಚಾವಡಿ ತುಂಬಿತ್ತು. ಇನ್ನೇನು ಶುರುವಾಗಬೇಕು, ಅಂಗಳದಲ್ಲಿ ಆಟೋ ನಿಂತ ಸದ್ದಾಯಿತು. ಇಳಿದವಳು ಬಾಯಮ್ಮ. ಊರು ಬಿಟ್ಟ ಮೇಲೆ ಆಕೆ ಈ ದಾರಿಗೆ ಕಾಲಿಟ್ಟದ್ದು ಅದೇ ಮೊದಲು. ಬರುತ್ತೇನೆಂದು ನನಗೂ ಹೇಳಿರಲಿಲ್ಲ. ಆಕೆ ಯಾರನ್ನೂ ನೋಡದೆ ಬಂದು ನನ್ನ ಪಕ್ಕದಲ್ಲಿ ಚಾಪೆಯ ಮೇಲೆ ಕುಳಿತಳು.

ಸ್ಟೇಷನ್ನಿನ ಆ ಕೊನೆಯ ದೃಶ್ಯ ಬಂತು. ಪರದೆಯ ಮೇಲಿನ ನನ್ನ ಮುಖವನ್ನು ನನಗೇ ನೋಡಲಾಗಲಿಲ್ಲ. ಬಿಳಚಿಕೊಂಡಿತ್ತು. "ನಾನು ಹಾಗೆ ಹೇಳಿಲ್ಲ. ದೇವರಾಣೆ ಹೇಳಿಲ್ಲ ಸಾರ್." ಹಿಂದೆ ಕುಳಿತಿದ್ದ ಎದುರು ಮನೆಯ ಅಜ್ಜಿ, "ಅಬ್ಬಾ, ಕಳ್ಳಿ! ಹೇಗೆ ಆಣೆ ಹಾಕ್ತಾಳೆ ನೋಡಿ!" ಎಂದಳು. ಎಲ್ಲರೂ ನಕ್ಕರು.

"ಅದು ಆ್ಯಕ್ಟಿಂಗ್ ಅಲ್ಲ ಅಜ್ಜಿ," ಎಂದಳು ಬಾಯಮ್ಮ. ಸ್ವರ ಎತ್ತರಿಸಲಿಲ್ಲ, ಆದರೆ ಎಲ್ಲರಿಗೂ ಕೇಳಿಸಿತು. "ಟೀಚರ್ ನಿಜವಾಗ್ಲೂ ಹಾಗೆ ಹೇಳಿರ್ಲಿಲ್ಲ. ನಾನೇ ತಪ್ಪು ತಿಳಿದಿದ್ದೆ. ನೀವೂ ಎಲ್ಲ ಹಾಗೇ ತಿಳಿದಿದ್ದಿರಿ, ಅಲ್ವಾ?"

ನಾನು ತಿರುಗಿ ಒಬ್ಬೊಬ್ಬರ ಮುಖ ನೋಡಿದೆ. ಅಜ್ಜಿ ಕಣ್ಣು ತಪ್ಪಿಸಿದಳು. ಆಕೆಯ ಮಗ ನೆಲ ನೋಡುತ್ತಿದ್ದ. ಆಗ ಗೊತ್ತಾಯಿತು ನನಗೆ. ಆ ಮಾತು ಸ್ಟೇಷನ್ನಿನಿಂದ ಹೊರಬಿದ್ದು ಎಂದೋ ಊರಿಡೀ ಸುತ್ತಿತ್ತು. ಇವರೆಲ್ಲ ಅದನ್ನು ನಂಬಿದ್ದರು. ನಂಬಿಕೊಂಡೇ ನನ್ನ ಬಳಿ ಮಕ್ಕಳನ್ನು ಪಾಠಕ್ಕೆ ಕಳಿಸಿದ್ದರು, ಮದುವೆಗೆ ಕರೆದಿದ್ದರು, ಬಸಳೆ ಕೊಟ್ಟಿದ್ದರು. ಆ ಗುಸುಗುಸುವಿನಲ್ಲಿ ನನ್ನ ಕಿವಿಗೆ ಬೀಳದ್ದು ನನ್ನ ಹೆಸರೊಂದೇ.

ನನ್ನವರು ಎದ್ದು ಟೀವಿ ಆರಿಸಿದರು. ಒಬ್ಬೊಬ್ಬರೇ ಚಪ್ಪಲಿ ಮೆಟ್ಟಿಕೊಂಡು ಹೊರಟರು. ಅಜ್ಜಿ ಮಾತ್ರ ಮೆಟ್ಟಿಲಲ್ಲಿ ನಿಂತು, "ನಮಗೆ ಎಂತ ಗೊತ್ತು ಮಗಾ, ಆಗ ಎಲ್ಲರೂ ಹೇಳ್ತಿದ್ರು," ಎಂದಳು. ನನಗೆ ಹೇಳಿದಳೋ ಬಾಯಮ್ಮನಿಗೋ ತಿಳಿಯಲಿಲ್ಲ.

ಈಗ ಬಂದ್ಯೋಡಿಗೆ ಹೋದಾಗೆಲ್ಲ ಬಾಯಮ್ಮನ ಅಂಗಡಿಯಲ್ಲಿ ಸ್ವಲ್ಪ ಹೊತ್ತು ಕೂರುತ್ತೇನೆ. ಮಂಗಳೂರಿನಲ್ಲಿ ನರ್ಸಿಂಗ್ ಓದುವ ತನ್ನ ಮಗಳಿಗೆ ಆಕೆ ಎಲ್ಲವನ್ನೂ ಹೇಳಿದ್ದಾಳೆ. ಆ ಹುಡುಗಿ ರಜೆಗೆ ಬಂದವಳು ಒಮ್ಮೆ ನನ್ನನ್ನು ನೋಡಲೆಂದೇ ಮನೆಗೆ ಬಂದಿದ್ದಳು. ಥೇಟು ಅಪ್ಪನದೇ ಮುಖ. ನಾವು ಮೊದಲಿನ ಹಾಗೆ ಆಗಿದ್ದೇವೆ ಎಂದರೆ ಸುಳ್ಳಾಗುತ್ತದೆ. ಮಾತಿನ ನಡುವೆ ಬಾಯಮ್ಮ ಕೆಲವೊಮ್ಮೆ ಹೊಲಿಗೆ ನಿಲ್ಲಿಸಿ ನನ್ನ ಮುಖವನ್ನೇ ನೋಡುತ್ತಾಳೆ. ಇಷ್ಟು ವರ್ಷ ಸುಳ್ಳುಗಾತಿಯೆಂದು ನೋಡಿದ ಕಣ್ಣಿಗೆ ಹೊಸದಾಗಿ ನೋಡುವುದು ಅಭ್ಯಾಸವಾಗಬೇಕಲ್ಲ. ಆಮೇಲೆ ಯಾರಾದರೂ ಗಿರಾಕಿ ಬರುತ್ತಾರೆ, ಆಕೆ ಅಳತೆ ತೆಗೆಯಲು ಏಳುತ್ತಾಳೆ.